ಅಮ್ಮನ ವಚನದ ಡಬ್ಬಿ ಘಟ್ಟ ಹತ್ತಿದ್ದು

ಹೊರಡುವಾಗ

ಘಟ್ಟದ ಮೇಲಿನ ಸೀಮೆ ಎಂದರೆ ನಮ್ಮ ಮಂಗಳೂರಿನವರಿಗೆ ಪರದೇಶವೇ. ಆಗಂತೂ ಹಾಗೆನ್ನುವುದರಲ್ಲಿ ತಪ್ಪೂ ಇರಲಿಲ್ಲ. ರಾಜ್ಯಗಳು ಒಂದಾಗುವುದಕ್ಕೆ ಹಿಂದಿನ ವರ್ಷದ ಮಾತು ಇದು. ನಾವು ಮದ್ರಾಸಿಗೆ ಸೇರಿದವರು, ಅವರು ಮೈಸೂರಿನವರು. ಬೇಸಗೆ ರಜೆಯಲ್ಲಿ ನಾನು ಸಿರಾಕ್ಕೆ ಹೊರಟಾಗ ನೆರೆಕರೆಯವರು ಬಂದು ಹಡಗು ಹತ್ತುವವರನ್ನು ಕಳಿಸುವ ಹಾಗೆ ಕಳಿಸಿಕೊಟ್ಟರು. ಒಬ್ಬರು ಕುಚ್ಚಲಕ್ಕಿ ಕೊಟ್ಟರು, ಇನ್ನೊಬ್ಬರು ಒಣಮೀನಿನ ಪೊಟ್ಟಣ ಕೊಟ್ಟರು. ಅಲ್ಲಿ ತಿನ್ನಲು ಏನೂ ಸಿಗುವುದಿಲ್ಲ ಎಂಬುದು ಎಲ್ಲರ ಗಟ್ಟಿ ನಂಬಿಕೆ.

ನಾನು ಹೋಗುತ್ತಿದ್ದುದು ಊರು ನೋಡಲು ಅಲ್ಲ, ಎಸ್ತೇರಕ್ಕನನ್ನು ಮನೆಗೆ ಕರೆತರಲು. ಅಕ್ಕ ಹೆರಿಗೆ ಮಾಡಿಸುವ ನರ್ಸು. ಹದಿನೆಂಟು ವರ್ಷದ ಹಿಂದೆ ಸಿರಾದ ಕ್ರೈಸ್ತ ಸಭೆಯ ಉಪದೇಶಿಯೊಬ್ಬರನ್ನು ಮದುವೆಯಾಗಿ ಹೋದವಳು ಅಲ್ಲೇ ಉಳಿದಿದ್ದಳು. ಕಳೆದ ಮಳೆಗಾಲದಲ್ಲಿ ಭಾವ ಜ್ವರ ಬಂದು ತೀರಿಕೊಂಡರು. ಮಕ್ಕಳಿಲ್ಲ. ಅಣ್ಣ ಅವಳಿಗಾಗಿ ಹಿತ್ತಲ ಕಡೆಯ ಕೋಣೆಗೆ ಸುಣ್ಣ ಬಳಿಸಿ, ಹೊಸ ಚಿಲಕ ಹಾಕಿಸಿ ಕಾಯುತ್ತಿದ್ದ. ಅಣ್ಣನಿಗೆ ಅದು ಕರ್ತವ್ಯ, ನನಗೆ ಹಾಗಲ್ಲ. ಮದುವೆಯಾಗದ ನಾನು ಅಣ್ಣನ ಮನೆಯ ಚಾವಡಿಯಲ್ಲಿ ಅವನ ಮಕ್ಕಳ ಸಾಲಿನಲ್ಲಿ ಚಾಪೆ ಹಾಕಿ ಮಲಗುವವಳು. ಅತ್ತಿಗೆ ಒಳ್ಳೆಯವಳು, ಮಕ್ಕಳೂ ಒಳ್ಳೆಯವರು, ಆದರೆ ಆ ಮನೆಯಲ್ಲಿ ನನ್ನ ಜೊತೆ ಮನಸ್ಸು ಬಿಚ್ಚಿ ಜಗಳವಾಡುವವರು ಯಾರೂ ಇರಲಿಲ್ಲ. ನನಗೆ ಅಕ್ಕ ಬೇಕಾಗಿದ್ದಳು.

ಚೀಲದ ತಳದಲ್ಲಿ ಅಮ್ಮನ ವಚನದ ಡಬ್ಬಿ ಇತ್ತು. ಹಲಸಿನ ಮರದ ದುಂಡು ಡಬ್ಬಿ. ಸತ್ಯವೇದದ ವಚನಗಳನ್ನು ಅಮ್ಮ ತನ್ನ ಕೈಯಾರೆ ಸಣ್ಣ ಸಣ್ಣ ಚೀಟಿಗಳಲ್ಲಿ ಬರೆದು, ಬೀಡಿಯ ಹಾಗೆ ಸುರುಳಿ ಸುತ್ತಿ ಅದರಲ್ಲಿ ತುಂಬಿದ್ದಳು. ಬೆಳಿಗ್ಗೆ ಎದ್ದು ಒಂದು ಸುರುಳಿ ತೆಗೆಯಬೇಕು, ಗಟ್ಟಿಯಾಗಿ ಓದಬೇಕು, ಬಾಗಿಲು ತೆರೆದು ಹೊರಗೆ ನೋಡಬೇಕು, ಕಣ್ಣಿಗೆ ಬಿದ್ದದ್ದನ್ನು ಒಂದು ಸಾಲು ಬರೆಯಬೇಕು. ಮಕ್ಕಳಾಗಿದ್ದಾಗಿನಿಂದ ನಮಗಿದು ಹಲ್ಲುಜ್ಜಿದಷ್ಟೇ ಅಭ್ಯಾಸ. ಅಮ್ಮನ ಕಟ್ಟಪ್ಪಣೆ ಒಂದೇ: "ಕಂಡದ್ದನ್ನು ಬರೆಯಿರಿ. ಪ್ರಸಂಗ ಬೇಡ. ಪ್ರಸಂಗ ಮಾಡ್ಲಿಕ್ಕೆ ಪಾದ್ರಿಗಳಿದ್ದಾರೆ."

ನಮ್ಮ ಮನೆಯ ದೊಡ್ಡ ವಿಷಯಗಳೂ ಆ ಡಬ್ಬಿಯಿಂದಲೇ ತೀರ್ಮಾನವಾಗುತ್ತಿದ್ದವು. ಅಕ್ಕನಿಗೆ ಘಟ್ಟದ ಮೇಲಿನ ಸಂಬಂಧ ಬಂದಾಗ ಅಮ್ಮ ಪ್ರಾರ್ಥನೆ ಮಾಡಿ ಸುರುಳಿ ತೆಗೆದಳು. ಅಬ್ರಹಾಮನು ತನ್ನ ನಾಡನ್ನೂ ಬಂಧುಬಳಗವನ್ನೂ ಬಿಟ್ಟು ಹೊರಟ ವಚನ ಬಂತು. ಅಲ್ಲಿಗೆ ಮುಗಿಯಿತು, ಅಕ್ಕನನ್ನು ಕೊಟ್ಟೇ ಬಿಟ್ಟರು. ಕಳಿಸಿದ ಡಬ್ಬಿಯೇ ಅವಳನ್ನು ವಾಪಸು ತರಲಿ ಎಂದು ನಾನು ಅದನ್ನು ಹೊತ್ತುಕೊಂಡು ಹೊರಟಿದ್ದೆ.

ಸಿರಾ

ಸಿರಾದಲ್ಲಿ ಬಸ್ಸು ಇಳಿದಾಗ ನನ್ನ ಬಿಳಿ ಸೀರೆ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಬಿಸಿಲು ನಮ್ಮಲ್ಲೂ ಇದೆ, ಆದರೆ ನಮ್ಮ ಬಿಸಿಲಿಗೆ ಬೆವರು ಬರುತ್ತದೆ. ಇಲ್ಲಿಯ ಬಿಸಿಲು ಬೆವರನ್ನೂ ಕುಡಿದುಬಿಡುತ್ತದೆ. ಅಕ್ಕನ ಮನೆ ಮುಸಲ್ಮಾನರ ಕೇರಿಯ ಕೊನೆಯಲ್ಲಿತ್ತು. ಜಟಕಾದವನು ನಾನು ವಿಳಾಸ ಹೇಳುವ ಮೊದಲೇ "ನರ್ಸಮ್ಮನ ಮನೆಗಾ?" ಎಂದ. ನನ್ನ ಮೂಗು ಅಕ್ಕನ ಮೂಗಿನ ಹಾಗೇ ಇದೆಯಂತೆ.

"ಬಂದ್ಬುಟ್ಯಾ!" ಎಂದಳು ಅಕ್ಕ ಬಾಗಿಲಲ್ಲಿ ನಿಂತು. ಹದಿನೆಂಟು ವರ್ಷದಲ್ಲಿ ಅವಳ ನಾಲಿಗೆಯೂ ಘಟ್ಟ ಹತ್ತಿಬಿಟ್ಟಿತ್ತು.

"ಎಂತ ಭಾಷೆ ಮಾರಾಯ್ತಿ ಇದು?" ಎಂದೆ. ಅವಳು ನಗಲಿಲ್ಲ. ಮೊದಲಾಗಿದ್ದರೆ ಇಷ್ಟಕ್ಕೇ ಹೊಟ್ಟೆ ಹಿಡಿದುಕೊಂಡು ನಗುವವಳು. ಸೊರಗಿದ್ದಳು, ತಲೆ ಅರ್ಧ ನರೆತಿತ್ತು.

ಅಂಗಳದಲ್ಲಿ ಒಂದು ಆಡು ಕಟ್ಟಿತ್ತು. ನಮ್ಮ ಆಡನ್ನು ಇವರು ಮೇಕೆ ಎನ್ನುತ್ತಾರೆ. ನಾನು ಚೀಲ ಇಳಿಸುವಷ್ಟರಲ್ಲಿ ಪಕ್ಕದ ಮನೆಯ ಖಾಜಾಬಿ ಎಂಬ ಮುದುಕಿ ಒಂದು ಹಸುಗೂಸನ್ನು ಎತ್ತಿಕೊಂಡು ಬಂದಳು. ಅಕ್ಕ ಮೇಕೆಯ ಹಾಲು ಕರೆದು, ನೀರು ಬೆರೆಸಿ ಕಾಯಿಸಿ, ಆರಿಸಿ, ಮಗುವಿಗೆ ಒಳಲೆಯಲ್ಲಿ ಕುಡಿಸಿದಳು. ಅದು ಖಾಜಾಬಿಯ ಮೊಮ್ಮಗ. ಹೆತ್ತವಳು ಹೆರಿಗೆಯಲ್ಲೇ ಹೋಗಿದ್ದಳು. ಅಕ್ಕನಿಗೆ ಮಗುವನ್ನು ಮಾತ್ರ ಉಳಿಸಲು ಆಗಿತ್ತು.

ಖಾಜಾಬಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ನರ್ಸಮ್ಮನ್ನ ಕರ್ಕೊಂಡೋಗಾಕೆ ಬಂದಿದ್ದೀರಂತೆ, ಸಚ್ ಕ್ಯಾ?"

"ಹೌದು" ಎಂದೆ.

"ನಮ್ಮ ಮುನ್ನಾಗೆ ಹಲ್ಲು ಬರೋ ತನ್ಕ ಆದ್ರೂ ಬುಡಿ ಅಮ್ಮಾ. ಆಮೇಲೆ ಅಲ್ಲಾ ಮಾಲಿಕ್" ಎಂದು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ನನಗೆ ಸಿಟ್ಟು ಬಂತು. ಸಿರಾ ತುಂಬ ಮೇಕೆಗಳಿರುವಾಗ ನಮ್ಮ ಅಕ್ಕನೇ ಬೇಕೇ? ಆದರೆ ವಿಷಯ ಹಾಗಿರಲಿಲ್ಲ. ಬೇಸಗೆಯಲ್ಲಿ ಅಲ್ಲಿಯ ಮಂದೆಗಳೆಲ್ಲ ಮೇವು ಹುಡುಕಿಕೊಂಡು ದೂರ ಹೋಗಿರುತ್ತವೆ. ಊರಲ್ಲಿ ಉಳಿದ ಮೇಕೆಗಳು ಬತ್ತಿದ್ದವು, ಅಕ್ಕನದೂ ಇನ್ನು ಕೆಲವೇ ದಿನ ಎನ್ನುವ ಹಾಗಿತ್ತು.

ಮರುದಿನ ಬೆಳಿಗ್ಗೆ ನಾನು ಡಬ್ಬಿ ತೆಗೆದೆ. ಅಕ್ಕ ಅದನ್ನು ಕೈಯಲ್ಲಿ ಹಿಡಿದು ಸವರಿ ಹಿಂದೆ ಕೊಟ್ಟಳು.

"ನೀನೀಗ ಬರೆಯುವುದಿಲ್ವಾ?" ಎಂದು ಕೇಳಿದೆ.

"ಇಲ್ಲ. ಹೊರಗೆ ನೋಡಿದ್ರೆ ಅವರು ಇಲ್ಲದ್ದೇ ಕಾಣ್ತದೆ. ದಿನಾ ಅದನ್ನೇ ಎಷ್ಟಂತ ಬರೆಯೋದು?"

ನಾನು ಬಂದ ಕೆಲಸ ಹೇಳಿದೆ. ಅಣ್ಣನ ಕೋಣೆ, ಸುಣ್ಣ, ಚಿಲಕ ಎಲ್ಲ ಹೇಳಿದೆ. ಅಕ್ಕ ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ. ಪ್ರತಿ ಬೇಸಗೆಯಲ್ಲೂ ಅವಳು ಕೊರಟಗೆರೆ, ಮಧುಗಿರಿ, ಪಾವಗಡದ ಕಡೆ ಹೋಗಿ ಬಸುರಿ ಬಾಣಂತಿಯರನ್ನು ನೋಡಿ ಬರುವುದಿತ್ತು. ಭಾವ ಜೊತೆಗಿರುತ್ತಿದ್ದರು. ಈ ಸಲ ನಾನು ಹೋಗಬೇಕು, ಅಂಗಳದ ಮೇಕೆಯನ್ನು ಅಷ್ಟು ದಿನ ಖಾಜಾಬಿಗೆ ಒಪ್ಪಿಸಿ ದಾರಿಯಲ್ಲಿ ಮುನ್ನಾನಿಗಾಗಿ ಒಂದು ಹಾಲಿನ ಮೇಕೆ ಹುಡುಕಬೇಕು, ಸುತ್ತಾಟದ ಕೊನೆಯ ಬೆಳಿಗ್ಗೆ ಅಮ್ಮನ ಹಾಗೆ ಪ್ರಾರ್ಥನೆ ಮಾಡಿ ಡಬ್ಬಿಯಿಂದ ಸುರುಳಿ ತೆಗೆಯಬೇಕು, ಬಂದ ವಚನದ ಹಾಗೆ ನಡೆಯಬೇಕು ಎಂದು ಮಾತಾಯಿತು. ಡಬ್ಬಿ ನನ್ನ ಕಡೆಯೇ ಎಂದು ನನಗೆ ಪೂರ್ತಿ ಧೈರ್ಯವಿತ್ತು.

ಕೊರಟಗೆರೆ

ಕೊರಟಗೆರೆಯ ಹತ್ತಿರ ಒಂದು ಹಳ್ಳಿಯಲ್ಲಿ ರೂತಮ್ಮ ಎಂಬ ಸಭೆಯ ಹೆಂಗಸಿನ ಮನೆಯಲ್ಲಿ ಇಳಿದೆವು. ನನಗೆ ಎದ್ದ ಕೂಡಲೇ ತಲೆಗೆ ಸ್ನಾನವಾಗಬೇಕು, ಇಲ್ಲದಿದ್ದರೆ ದೇವರ ಹೆಸರು ಕೂಡ ನಾಲಿಗೆಗೆ ಬರುವುದಿಲ್ಲ. ಬಚ್ಚಲಲ್ಲಿ ಒಂದು ಹಂಡೆ, ಎರಡು ಕೊಡ ತುಂಬ ನೀರಿತ್ತು. ಅತಿಥಿ ಎಂದು ನನಗೇ ಇಟ್ಟಿದ್ದಾರೆ, ಎಂಥ ಮರ್ಯಾದೆಯ ಜನ ಎಂದುಕೊಂಡು ಧಾರಾಳವಾಗಿ ಹೊಯ್ದುಕೊಂಡೆ. ಉಳಿದದ್ದರಲ್ಲಿ ಸೀರೆಯನ್ನೂ ಜಾಲಿಸಿ ಹೊರಗೆ ಬಂದರೆ ಮನೆಯವರೆಲ್ಲ ಸಾಲಾಗಿ ನಿಂತು ನನ್ನ ಒದ್ದೆ ತಲೆಯನ್ನು ನೋಡುತ್ತಿದ್ದರು. ಅದು ಆ ಮನೆಯ ಇಡೀ ದಿನದ ನೀರು.

"ಪರ್ವಾಗಿಲ್ಲ ಬುಡಮ್ಮ, ನೀರ್ ತಾನೆ" ಎಂದರು ರೂತಮ್ಮ. "ನಡೀರಿ, ಹೊಳೆಗೋಗಿ ತರಾನಾ."

ಆ ಬೆಳಿಗ್ಗೆ ಡಬ್ಬಿಯಿಂದ ಬಂದದ್ದು ದೇವರ ಪಟ್ಟಣವನ್ನು ಸಂತೋಷಪಡಿಸುವ ನದಿಯ ವಚನ. ಸರಿ, ನದಿಯನ್ನೇ ನೋಡಿ ಬರೆಯೋಣ ಎಂದು ಕೊಡ ಹೊತ್ತು ಅವರ ಹಿಂದೆ ಹೋದೆ. ಮರಳಿನಲ್ಲಿ ಬಹಳ ಹೊತ್ತು ನಡೆದ ಮೇಲೆ "ಹೊಳೆ ಎಲ್ಲಿ?" ಎಂದು ಕೇಳಿದೆ.

"ನೀವ್ ನಿಂತಿದ್ದೀರಲ್ಲ, ಇದೇ ಕಣಮ್ಮ" ಎಂದರು.

ಜಯಮಂಗಲಿ ಹೊಳೆಯಲ್ಲಿ ನನ್ನ ಕಾಲಿನ ಬೆರಳೂ ಒದ್ದೆಯಾಗಿರಲಿಲ್ಲ. ಹೆಂಗಸರು ಮರಳಿನಲ್ಲಿ ಗುಂಡಿ ತೋಡಿ ಕೂತಿದ್ದರು. ತಳದಲ್ಲಿ ನೀರು ಒಸರುವವರೆಗೆ ಮಾತಾಡುತ್ತ ಕಾಯುವುದು, ಒಸರಿದ್ದನ್ನು ತೆಂಗಿನ ಚಿಪ್ಪಿನಿಂದ ಕೊಡಕ್ಕೆ ತುಂಬುವುದು, ಮತ್ತೆ ಕಾಯುವುದು. ನಮ್ಮಲ್ಲಿ ನೀರು ಕರೆಯದೆ ಬರುತ್ತದೆ, ಬೇಡವೆಂದರೂ ಬರುತ್ತದೆ, ಹಂಚಿನ ಸಂದಿಯಿಂದ ಹಾಸಿಗೆಯ ಮೇಲೂ ಬರುತ್ತದೆ. ನಾನು ಮೈಮೇಲೆ ಹೊಯ್ದುಕೊಂಡದ್ದನ್ನು ಮತ್ತೆ ತುಂಬಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

"ಹೊಳೆಯನ್ನು ಚಿಪ್ಪಿನಲ್ಲಿ ಮೊಗೆದರು" ಎಂದು ಬರೆದೆ. ಅದರ ಕೆಳಗೆ ದೇವರ ಕೃಪೆಯನ್ನು ನಾವು ಹೇಗೆ ದುಂದು ಮಾಡುತ್ತೇವೆ ಎಂದು ಅರ್ಧ ಪುಟ ತುಂಬಿಸಿದೆ. ಅಕ್ಕ ಓದಿ ನೋಡಿ, ಮೊದಲ ಸಾಲಿನ ಕೆಳಗೆ ಉಗುರಿನಿಂದ ಗೀರಿದಳು. "ಇಷ್ಟು ಸಾಕು. ಉಳಿದದ್ದು ಪಾದ್ರಿಗಳಿಗೆ ಬಿಡು." ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಕಲಿಸುವ ನನಗೇ ಲೆಕ್ಕ ತಪ್ಪಿದೆ ಎಂದ ಹಾಗಾಯಿತು.

ಪುರವರದ ದಾರಿ

ಇಲ್ಲಿ ಒಂದು ವಿಷಯ ಹೇಳಲೇಬೇಕು. ಭಾನುವಾರದ ಶಾಲೆಯಲ್ಲಿ ಎಷ್ಟೋ ವರ್ಷದಿಂದ ನಾನು ಮಕ್ಕಳಿಗೆ ಕುರಿಗಳ ಬಗ್ಗೆ ಪಾಠ ಹೇಳುತ್ತಿದ್ದೇನೆ. ಕಳೆದುಹೋದ ಕುರಿ, ಒಳ್ಳೆಯ ಕುರುಬ, ಕಡೆಯ ನ್ಯಾಯತೀರ್ಪಿನ ದಿನ ದೇವರು ಬೇರೆ ಮಾಡಿ ಬಲಗಡೆ ನಿಲ್ಲಿಸುವ ಒಳ್ಳೆಯ ಕುರಿಗಳು, ಎಡಗಡೆಗೆ ತಳ್ಳುವ ಕೆಟ್ಟ ಆಡುಗಳು, ಎಲ್ಲ. ಕ್ರಿಸ್ಮಸ್ಸಿನ ನಾಟಕಕ್ಕೆ ಮಕ್ಕಳ ಬೆನ್ನಿಗೆ ಬೂರುಗದ ಹತ್ತಿ ಅಂಟಿಸಿ ಬೆಳ್ಳಗಿನ ಕುರಿ ಮಾಡುವವಳೂ ನಾನೇ. ಆದರೆ ನಮ್ಮ ಊರಿನಲ್ಲಿ ಕುರಿಯೇ ಇಲ್ಲ. ಅಮ್ಮನೂ ನೋಡಿರಲಿಲ್ಲ, ನಮ್ಮ ಹಳೆಯ ಪಾದ್ರಿಗಳೂ ನೋಡಿರಲಿಲ್ಲ ಎಂದು ಕಾಣುತ್ತದೆ.

ಪುರವರದಲ್ಲಿ ಒಬ್ಬ ಬಾಣಂತಿಯನ್ನು ನೋಡಲು ಎತ್ತಿನ ಗಾಡಿಯಲ್ಲಿ ಹೋಗುವಾಗ ಎದುರಿಗೆ ಒಂದು ಮಂದೆ ಬಂತು. ದಾರಿ ತುಂಬ ಕರ್ರಗಿನ, ಕಂದು ಬಣ್ಣದ, ತಲೆ ತಗ್ಗಿಸಿದ ಪ್ರಾಣಿಗಳು.

"ಇವು ಯಾವುವು ಅಕ್ಕ?"

"ಕುರಿ."

"ಕರಿಯ ಕುರಿಯಾ?"

"ಮತ್ತೆ ಹೇಗಿರ್ಬೇಕಿತ್ತು?"

ಬೂರುಗದ ಹತ್ತಿಯ ನೆನಪಾಗಿ ಒಳಗೊಳಗೇ ನಾಚಿಕೆಯಾಯಿತು. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಕುರುಬ ಮುಂದೆ ನಡೆಯುತ್ತಾನೆ, ಕುರಿಗಳು ಅವನ ಸ್ವರ ಕೇಳಿ ಹಿಂದೆ ಬರುತ್ತವೆ ಎಂದು ನಾನು ಕಲಿಸಿದ್ದೆ. ಇಲ್ಲಿ ಕುರುಬ ಹಿಂದೆ, ಕಂಬಳಿ ಕೊಪ್ಪೆ ಹಾಕಿಕೊಂಡು ಎಲೆಯಡಿಕೆ ಜಗಿಯುತ್ತ ಬರುತ್ತಿದ್ದ. ಎಲ್ಲಕ್ಕಿಂತ ಮುಂದೆ, ಊರಿನ ಪಟೇಲನಂತೆ ಕತ್ತೆತ್ತಿ ನಡೆಯುತ್ತಿದ್ದದ್ದು ಒಂದು ಮೇಕೆ. ಅದರ ಹಿಂದೆ ಇನ್ನೂ ಮೂರ್ನಾಲ್ಕು.

"ಆಡುಗಳನ್ನು ಕುರಿಗಳ ಜೊತೆ ಯಾಕೆ ಬಿಟ್ಟಿದ್ದಾರೆ? ಅವನ್ನು ಬೇರೆ ಮಾಡಬೇಕಲ್ಲ?" ಎಂದೆ.

"ಅದು ಕಡೆಯ ದಿನಕ್ಕೆ. ಇವತ್ತು ಮೇಯ್ಲಿಕ್ಕೆ ಹೋಗ್ತಾ ಇದ್ದಾರೆ" ಎಂದಳು ಅಕ್ಕ.

ಆ ದಿನ ನನ್ನ ಪುಸ್ತಕದಲ್ಲಿ ಬರೆದದ್ದು ಇಷ್ಟೇ: "ಕುರಿ ಕಪ್ಪು. ಮೇಕೆ ಮುಂದೆ." ಪ್ರಸಂಗ ಬರೆಯುವ ಧೈರ್ಯ ಬರಲಿಲ್ಲ.

ಮಧುಗಿರಿ

ದೇವರು ನಮ್ಮ ಬಂಡೆ ಎಂದು ಕೀರ್ತನೆಗಳಲ್ಲಿ ಎಷ್ಟು ಸಲ ಓದಿಲ್ಲ! ಆದರೆ ನಮ್ಮಲ್ಲಿ ಕಲ್ಲೆಂದರೆ ಕೆಂಪು ಮುರಕಲ್ಲು. ಅಗೆದು, ಕಡಿದು, ಚೌಕ ಮಾಡಿ ಮನೆ ಕಟ್ಟುತ್ತೇವೆ. ನಾಲ್ಕು ಮಳೆಗಾಲಕ್ಕೆ ಪುಡಿ ಉದುರುತ್ತದೆ. ನನ್ನ ಮನಸ್ಸಿನಲ್ಲಿದ್ದ ದೇವರೂ ಅಂಥ ಒಂದು ಒಳ್ಳೆಯ ಮುರಕಲ್ಲೇ ಆಗಿದ್ದ. ಮಧುಗಿರಿಯಲ್ಲಿ ಬಸ್ಸು ಇಳಿದು ತಲೆಯೆತ್ತಿದೆ. ಒಂದೇ ಕಲ್ಲು ಆಕಾಶದ ಅರ್ಧವನ್ನು ಮುಚ್ಚಿಕೊಂಡು ನಿಂತಿತ್ತು. ನಾನು ಬಾಯಿ ತೆರೆದು ನೋಡುತ್ತ ನಿಂತದ್ದರಿಂದ ಹಿಂದಿನಿಂದ ಬಂದ ಹುಲ್ಲಿನ ಗಾಡಿಯವನು "ಪಕ್ಕಕ್ ಬನ್ರಮ್ಮ, ಬೆಟ್ಟ ಎಲ್ಲೂ ಓಗಲ್ಲ" ಎಂದು ಕೂಗಬೇಕಾಯಿತು.

ಅಕ್ಕ ಊರೊಳಗೆ ಬಾಣಂತಿಯರನ್ನು ನೋಡುವಾಗ ನಾನು ಬೆಟ್ಟ ಹತ್ತಿದೆ. ಅರ್ಧಕ್ಕೆ ಹೋದ ಮೇಲೆ ಮೆಟ್ಟಿಲು ಎನ್ನುವುದು ಬಂಡೆಯಲ್ಲಿ ಕೊರೆದ ಹೆಜ್ಜೆ ಗುರುತಷ್ಟೇ ಆಯಿತು. ಮೇಲೆ ನೋಡಿದರೆ ತಲೆ ತಿರುಗಿತು, ಕೆಳಗೆ ನೋಡಿದರೆ ಜೀವ ಬಾಯಿಗೆ ಬಂತು. ದೂರದ ಕಡಿದಾದ ಮೈಗೆ ಜೇನುಹಲ್ಲೆಗಳು ತೂಗುಬಿದ್ದಿದ್ದವು. ಅವುಗಳನ್ನು ನೋಡಿದ್ದೇ ಲಾಭ ಎಂದು, ಸೀರೆ ಸವೆದರೆ ಸವೆಯಲಿ ಎಂದು, ಕೂತುಕೊಂಡೇ ಜಾರುತ್ತ ಇಳಿದೆ.

ಅಕ್ಕ ಬುಡದಲ್ಲಿ ಕಾಯುತ್ತಿದ್ದಳು. ಅರ್ಧಕ್ಕೇ ಇಳಿದು ಬಂದ ಸಿಟ್ಟನ್ನು ಅವಳ ಮೇಲೆ ತೀರಿಸಿದೆ. ನಾಳೆ ನಿನಗೆ ಕೈಲಾಗದಿದ್ದರೆ ಇಲ್ಲಿ ನೋಡುವವರು ಯಾರು, ಹೊಳೆಯಲ್ಲಿ ನೀರಿಲ್ಲದ ಈ ಊರಿನಲ್ಲಿ ಯಾರಿದ್ದಾರೆ ನಿನಗೆ, ನಮ್ಮ ನೆನಪೇ ನಿನಗೆ ಇಲ್ಲವಾ ಎಂದೆಲ್ಲ ಒದರಿದೆ. ಅವಳು ಕೇಳಿಸಿಕೊಂಡಳು. ಕೊನೆಗೆ ನನಗೇ ಗೊತ್ತಿಲ್ಲದೆ ನಿಜವಾದ ಮಾತು ಬಾಯಿಂದ ಬಂತು.

"ನನಗೆ ಒಬ್ಬಳಿಗೇ ಆಗುವುದಿಲ್ಲ ಅಕ್ಕ."

ಅಕ್ಕ ನನ್ನ ಕೈ ಹಿಡಿದಳು. ಅಂಗೈ ಬಂಡೆಗೆ ತರಚಿತ್ತು, ಅವಳ ಸೆರಗಿನಿಂದ ಒರೆಸಿದಳು. "ಗೊತ್ತುಂಟು ಮಗಾ" ಎಂದಳು, ನಮ್ಮ ಊರಿನ ಮಾತಿನಲ್ಲಿ.

ಪಾವಗಡದ ಬಸ್ಸು

ಪಾವಗಡದ ಬಸ್ಸು ನಡುವೆ ಒಂದು ಕಡೆ ಆಂಧ್ರಕ್ಕೆ ಹೊಕ್ಕು, ಏನೋ ಮರೆತವರ ಹಾಗೆ ಮತ್ತೆ ಮೈಸೂರಿಗೆ ಬರುತ್ತದೆ. ಕಂಡಕ್ಟರ್ ಇದನ್ನು ಯಾರಿಗೂ ಹೇಳುವುದಿಲ್ಲ. ಕಿವಿಗೆ ಬೀಳುವ ಮಾತು ಮೆಲ್ಲಗೆ ತೆಲುಗಾಗುತ್ತದೆ, ಆಮೇಲೆ ಮತ್ತೆ ಅರ್ಧ ಕನ್ನಡವಾಗುತ್ತದೆ, ಅಷ್ಟರಿಂದ ತಿಳಿದುಕೊಳ್ಳಬೇಕು. ಮದ್ರಾಸಿನ ನನಗೆ ಇದು ಪರದೇಶದೊಳಗಿನ ಪರದೇಶ.

ಪಕ್ಕದಲ್ಲಿ ಒಬ್ಬ ಅಜ್ಜ ಮಡಕೆ ತುಂಬ ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಂಡು, ಅದರ ಬಾಯಿಗೆ ಬಟ್ಟೆ ಕಟ್ಟಿ, ಮಗುವಿನ ಹಾಗೆ ತಬ್ಬಿಕೊಂಡಿದ್ದ. ಒಂದು ಹಳ್ಳ ಹಾಯುವಾಗ ಬಸ್ಸು ನೆಗೆಯಿತು. ಮಜ್ಜಿಗೆ ಪೂರಾ ನನ್ನ ಚೀಲದೊಳಗೆ.

"ಅಯ್ಯಯ್ಯೋ, ತಪ್ಪಾಯ್ತಮ್ಮಾ! ಬಸ್ಸು ಎಗರಿದೇಟ್ಗೆ ಮಡಕೆ ವಾಲ್ಬುಡ್ತು. ಏಮ್ ಚೇಸೇದಿ!" ಎಂದು ಅಜ್ಜ ತಲೆ ತಲೆ ಬಡಿದುಕೊಂಡ. ನನ್ನ ಚೀಲಕ್ಕಿಂತ ಅವನ ಮಜ್ಜಿಗೆಯ ದುಃಖವೇ ದೊಡ್ಡದಿತ್ತು. ಅಕ್ಕ ಅವನನ್ನು ತೆಲುಗಿನಲ್ಲಿ ಸಮಾಧಾನ ಮಾಡಿದಳು. ನನ್ನನ್ನು ಯಾರೂ ಸಮಾಧಾನ ಮಾಡಲಿಲ್ಲ.

ವೈ.ಎನ್.ಹೊಸಕೋಟೆ

ಪಾವಗಡದಾಚೆಯ ಈ ಹೊಸಕೋಟೆಯಲ್ಲಿ ಭಾವ ಕಟ್ಟಿಸಿದ ಒಂದೇ ಕೋಣೆಯ ಪ್ರಾರ್ಥನೆಯ ಮನೆ ಇತ್ತು. ಮುಂದೆ ಜಗಲಿ, ಅಂಗಳದಲ್ಲಿ ಬೇವಿನ ಮರ. ಬಂದ ಕೂಡಲೇ ಚೀಲ ಬಿಚ್ಚಿದೆ. ಡಬ್ಬಿಯೊಳಗೂ ಮಜ್ಜಿಗೆ ಹೋಗಿತ್ತು. ಒಂದು ಮೊರ ಎರವಲು ತಂದು, ಅಮ್ಮನ ಸುರುಳಿಗಳನ್ನು ಒಂದೊಂದಾಗಿ ಬಿಡಿಸಿ ಜಗಲಿಯ ಬಿಸಿಲಿಗೆ ಒಣಗಲು ಹಾಕಿದೆ. ಪುಣ್ಯಕ್ಕೆ ಅಕ್ಷರ ಅಳಿಸಿರಲಿಲ್ಲ. ಬಿಡಿಸುವಾಗ ಕಣ್ಣಿಗೆ ಬಿತ್ತು: ಯಾಕೋಬನಿಗೆ ನಿನ್ನ ಪಿತೃಗಳ ನಾಡಿಗೆ ತಿರುಗಿ ಹೋಗು ಎಂದು ದೇವರು ಹೇಳಿದ ವಚನ. ಅಮ್ಮನ ದುಂಡು ಅಕ್ಷರದಲ್ಲಿ ಅದೂ ಡಬ್ಬಿಯೊಳಗೆ ಇತ್ತು. ಮರುದಿನ ಬೆಳಿಗ್ಗೆಯೇ ನಾವು ಸುರುಳಿ ತೆಗೆಯುವ ದಿನ. ಅದನ್ನು ಉಳಿದವುಗಳ ನಡುವೆಯೇ ಬಿಟ್ಟೆ, ಆದರೆ ಎದೆ ಹಗುರವಾಯಿತು.

ಆಮೇಲೆ ಅಕ್ಕನ ಜೊತೆ ಊರಾಚೆಯ ಕಡಲೆಕಾಯಿ ಹೊಲಕ್ಕೆ ಹೋದೆ. ಚಿತ್ತಯ್ಯ ಎಂಬ ಮುದುಕ ಅಲ್ಲಿ ಮಂದೆ ಹಾಕಿದ್ದ. ಬಿತ್ತನೆಗೆ ಮುಂಚೆ ಹೊಲದವರು ಕುರುಬರನ್ನು ಕರೆದು ತಮ್ಮ ಹೊಲದಲ್ಲಿ ಮಂದೆಯನ್ನು ಮಲಗಿಸಿಕೊಳ್ಳುತ್ತಾರೆ. ಗೊಬ್ಬರವಾದ ಮೇಲೆ ಮಂದೆ ಮುಂದಿನ ಹೊಲಕ್ಕೆ ಹೋಗುತ್ತದೆ. ಆ ಕುರಿಗಳಿಗೆ ತಮ್ಮದು ಎನ್ನುವ ಜಾಗವೇ ಇಲ್ಲವಲ್ಲ ಎಂದು ನನಗನ್ನಿಸಿತು.

ಚಿತ್ತಯ್ಯ ಸಿಡುಕ. ನನ್ನನ್ನು ನೋಡಿ "ಇವಳ್ಯಾರು, ಪ್ಯಾಟೆಯವಳು?" ಎಂದ. ಮೇಕೆಯ ಮಾತೆತ್ತಿದ್ದೇ ಕೈಯಾಡಿಸಿದ.

"ಮ್ಯಾಕೆ ಕೊಡಾಕಾಗಲ್ಲ ನರ್ಸಮ್ಮ. ತಾಯಿ ಸತ್ತ ಮರಿಗೆ ಇನ್ನೊಂದು ಕುರಿ ಮೊಲೆ ಕೊಡಲ್ಲ, ಗುದ್ದಿ ಆಕಡೀಕ್ ತಳ್ತದೆ. ಮ್ಯಾಕೆ ಅಂಗಲ್ಲ, ಕಾಲ್ ಇಡ್ಕಂಡ್ರೆ ಯಾರ್ ಮರಿಗಾದ್ರೂ ಕುಡುಸ್ತದೆ. ಇದ್ನ ನಿಂಗ್ ಕೊಟ್ರೆ ನನ್ ತಬ್ಲಿ ಮರಿಗಳ್ ಗತಿ ಏನು?"

ಅವನು ಹೇಳುತ್ತಿರುವಾಗಲೇ ಮೂರು ಕರಿಯ ಕುರಿಮರಿಗಳು ಒಂದು ಬಿಳಿ ಮೇಕೆಯ ಕೆಚ್ಚಲಿಗೆ ತಲೆ ಹಾಕಿ ಗುದ್ದಾಡುತ್ತಿದ್ದವು. ಮೇಕೆ ಬೇಲಿಯ ಜಾಲಿ ಕಾಯಿ ತಿನ್ನುತ್ತ ಅತ್ತ ತಿರುಗಿಯೂ ನೋಡಲಿಲ್ಲ.

"ನಂದೂ ಒಂದು ತಬ್ಲಿ ಮರಿ ಅದೆ ಚಿತ್ತಯ್ಯ" ಎಂದಳು ಅಕ್ಕ. ಮುನ್ನಾನ ವಿಷಯ ಹೇಳಿದಳು. "ನಿನ್ ಸೊಸೆ ಹೆರಿಗೆ ದಿನ ನಾನು ಹೊಲಕ್ಕೆ ಬರಲ್ಲ ಅಂದಿದ್ನಾ?"

ಮುದುಕ ಎಲೆಯಡಿಕೆ ಉಗುಳಿ ಬಂದು, ತಲೆ ಕೆರೆದುಕೊಂಡು, ಕೊನೆಗೆ ಬಿಳಿ ಮೇಕೆಯ ಪಕ್ಕದಲ್ಲಿದ್ದ ಇನ್ನೊಂದು ಕಂದು ಮೇಕೆಯ ಕಿವಿ ಹಿಡಿದು ತಂದ. "ತಗಾ. ಮಗೀಗೆ ಅಲ್ಲು ಬಂದ್ ಮ್ಯಾಲೆ ತಿರ್ಗ ಮಂದೆಗ್ ಬುಡಬೇಕು, ಈಗ್ಲೇ ಯೋಳಿವ್ನಿ. ಸ್ಯಾನೆ ಕಳ್ಳಿ ಇದು, ಬಿಗಿಯಾಗ್ ಕಟ್ಟು."

ಮನೆಗೆ ಬಂದು ಬೇವಿನ ಮರಕ್ಕೆ ಅದನ್ನು ಕಟ್ಟಿದವಳು ನಾನೇ. ನಮ್ಮಲ್ಲಿ ದೋಣಿಗೆ ಹಾಕುವ ಗಂಟು ಹಾಕಿದೆ. ನಾನೊಬ್ಬಳು ಜಾಣೆ ಎಂದುಕೊಂಡು ಒಳಗೆ ಗಂಜಿಗೆ ಕುಚ್ಚಲಕ್ಕಿ ಹಾಕಿದೆ. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಹೊರಗೆ ಸರಸರ ಸದ್ದಾಯಿತು. ಗಾಳಿ ಎಂದುಕೊಂಡೆ. ಗಂಜಿ ಕುದಿ ಬಂತು. ಆಮೇಲೆ ಜಗಲಿಗೆ ಬಂದೆ.

ನನ್ನ ಗಂಟು ಬಿಚ್ಚಿ ಹಗ್ಗ ಮರದ ಬುಡದಲ್ಲಿ ಬಿದ್ದಿತ್ತು, ಮೊರ ಬರಿದಾಗಿತ್ತು. ಉಪ್ಪು ಮಜ್ಜಿಗೆಯಲ್ಲಿ ನೆನೆದು ಒಣಗಿದ ದೇವರ ವಾಗ್ದಾನಗಳನ್ನು ಮೇಕೆ ಒಂದೂ ಬಿಡದೆ ತಿಂದು ಮುಗಿಸಿತ್ತು. ಕೊನೆಯ ಚೀಟಿ ಅದರ ಬಾಯಿಂದ ಅರ್ಧ ಹೊರಗಿತ್ತು. ನಾನು ಹಿಡಿದು ಎಳೆದೆ, ಅದೂ ಎಳೆಯಿತು, ಅದೇ ಗೆದ್ದಿತು.

"ಅಕ್ಕಾ!" ಎಂದು ಕಿರುಚಿದೆ.

ಅಕ್ಕ ಓಡಿ ಬಂದಳು. ಮೊರ ನೋಡಿದಳು, ಮೇಕೆ ನೋಡಿದಳು, ಮೇಕೆಯ ಗಡ್ಡದಲ್ಲಿ ಅಂಟಿದ್ದ ಕಾಗದದ ಚೂರು ನೋಡಿದಳು. ಆಮೇಲೆ ನಕ್ಕಳು. ಬಾಗಿಲ ಚೌಕಟ್ಟು ಹಿಡಿದು ನಕ್ಕಳು, ಜಗಲಿಯಲ್ಲಿ ಕುಸಿದು ಕೂತು ನಕ್ಕಳು, ಹೊಟ್ಟೆ ಹಿಡಿದುಕೊಂಡು ಉಸಿರು ಸಿಕ್ಕದೆ ನಕ್ಕಳು. ಅಮ್ಮನ ಕೈಬರಹ ಹೋಯಿತೆಂದು ನಾನು ಅಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವಳೂ ಅತ್ತಳು, ನಾನೂ ನಕ್ಕೆ, ಯಾರು ಯಾವುದು ಮಾಡುತ್ತಿದ್ದೇವೆ ಎಂದು ನಮಗೇ ಗೊತ್ತಾಗಲಿಲ್ಲ. ಮೇಕೆ ಮೊರವನ್ನು ನೆಕ್ಕಿ ನೋಡಿತು.

ಗಂಜಿ ಉಂಡ ಮೇಲೆ ನಾನು ಕೇಳಿದೆ. "ಈಗ ನಾಳೆ ಹೇಗೆ ತೀರ್ಮಾನ?"

"ನಾಳೆ ಯಾಕೆ? ಈಗಲೇ ಹೇಳ್ತೇನೆ" ಎಂದಳು ಅಕ್ಕ. "ಮೊದಲ ಸಲ ಡಬ್ಬಿ ಕಳಿಸ್ತು, ನಾನು ಬಂದೆ. ನನ್ನನ್ನು ಯಾರೂ ಕೇಳಲಿಲ್ಲ. ಈ ಸಲ ನಾನೇ ಹೇಳ್ಬೇಕು. ನಾನು ಬರುವುದಿಲ್ಲ."

"ಆ ಮಗುವಿಗೋಸ್ಕರವಾ?"

"ಮಗು ನಾಳೆ ದೊಡ್ಡದಾಗ್ತದೆ, ನನ್ನ ಗುರುತೂ ಇರುವುದಿಲ್ಲ. ಅದಲ್ಲ." ಅವಳು ಅಂಗಳದ ಕಡೆ ನೋಡುತ್ತ ಹೇಳಿದಳು. "ಅವರು ಹೋದ ಮೇಲೆ ಒಂದು ದಿನವೂ ಬೆಳಿಗ್ಗೆ ನಾನಾಗಿ ಬಾಗಿಲು ತೆಗೆದದ್ದಿಲ್ಲ. ತೆಗೆಯಲಿಕ್ಕೆ ಮನಸ್ಸೇ ಇರ್ಲಿಲ್ಲ. ಆದ್ರೆ ದಿನಾ ಯಾರಾದ್ರೂ ಬಂದು ತಟ್ಟಿದ್ದಾರೆ. ನರ್ಸಮ್ಮಾ ನೋವು ಬಂತು, ನರ್ಸಮ್ಮಾ ಹಾಲು ಇಲ್ಲ ಅಂತ. ತಟ್ಟಿದ್ರಿಂದ ಎದ್ದೆ. ಎದ್ದದ್ರಿಂದ ಬದುಕಿದ್ದೇನೆ. ಅಣ್ಣನ ಮನೆಯಲ್ಲಿ ಅತ್ತಿಗೆ ಮೆಲ್ಲ ಬಾಗಿಲು ತೆಗೆದು ಕಾಫಿ ಇಟ್ಟು ಹೋಗ್ತಾಳೆ. ಮಲಗಿರ್ಲಿ ಪಾಪ ಅಂತಾಳೆ. ನಾನು ಮಲಗಿಯೇ ಇರ್ತೇನೆ."

"ಇವರು ನಮ್ಮವರೇ ಅಲ್ಲವಲ್ಲ ಅಕ್ಕ. ನೀನು ಈ ಮಂದೆಯವಳೇ ಅಲ್ಲ" ಎಂದೆ.

"ಮೇಕೆಯೂ ಅಲ್ಲ" ಎಂದಳು. "ಕಡೆಯ ದಿನ ಎಡಗಡೆ ನಿಲ್ಲಿಸಿದ್ರೆ ನಿಲ್ತೇನೆ ಮಾರಾಯ್ತಿ, ಅಷ್ಟರವರೆಗೆ ಮರಿಗಳು ಕುಡೀಲಿ." ಆ ರಾತ್ರಿ ಅವಳು ಬೇಗ ನಿದ್ದೆ ಹೋದಳು. ನಾನು ಗೋಡೆಯ ಕಡೆ ತಿರುಗಿ ಮಲಗಿ ಅತ್ತೆ.

ಮತ್ತೆ ಸಿರಾ, ಮತ್ತೆ ಮನೆ

ಮೇಕೆ ಬಸ್ಸಿನ ಮೇಲೆ ಕೂತು ಸಿರಾಕ್ಕೆ ಬಂತು. ಆಂಧ್ರ ದಾಟುವಾಗ ಯಾರದೋ ಕಡಲೆಕಾಯಿ ಮೂಟೆಗೆ ಬಾಯಿ ಹಾಕಿತೆಂದು ಕಂಡಕ್ಟರ್ ನಮ್ಮೊಡನೆ ಜಗಳವಾಡಿದ. ಮನೆಗೆ ಬಂದು ನಮಗೆ ಕೈಕಾಲು ತೊಳೆಯಲೂ ಬಿಡದೆ ಖಾಜಾಬಿ ಮಗುವನ್ನು ತಂದಳು. ಮಗು ಸೊರಗಿತ್ತು. ಹೊಸ ಹಾಲು ಒಗ್ಗುತ್ತದೋ ಇಲ್ಲವೋ ಎಂದು ಅಕ್ಕ ಒಳಲೆಯಿಂದ ಮೊದಲು ಒಂದೊಂದೇ ತೊಟ್ಟು ಬಿಟ್ಟಳು. ಮಗು ಕುಡಿಯಿತು, ಕಕ್ಕಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೊರಡುವವಳು. ಎಚ್ಚರವಾದಾಗ ಬೆಳಕು ಆಗಲೇ ಒಳಗೆ ಬಂದಿತ್ತು. ಯಾರೂ ತಟ್ಟಿರಲಿಲ್ಲ. ಅಕ್ಕ ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಮೇಲೆ ಕೂತು, ನನ್ನ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಒಂದೇ ಸಾಲು. ಬರೆದು ಮುಚ್ಚಿ ನನ್ನ ಚೀಲಕ್ಕೆ ಹಾಕಿದಳು. ಬರಿದಾದ ಡಬ್ಬಿಯನ್ನು ಅವಳಿಗೇ ಬಿಟ್ಟೆ, ಮಗುವಿನ ಹಾಲಿಗೆ ಹಾಕುವ ಕಲ್ಲುಸಕ್ಕರೆ ಇಡಲು ಆಗುತ್ತದೆ ಎಂದಳು.

ಮಂಗಳೂರಿನಲ್ಲಿ ಅಣ್ಣ ಗೇಟಿನ ಹತ್ತಿರ ನಿಂತಿದ್ದ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, "ಎಸ್ತೇರ ಎಲ್ಲಿ?" ಎಂದ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ, ಒಂದೂ ನೆನಪಿಗೆ ಬರಲಿಲ್ಲ. ಪುಸ್ತಕ ತೆಗೆದು ಅಕ್ಕನ ಸಾಲನ್ನು ತೋರಿಸಿದೆ.

"ಅಮ್ಮ ಬರೆದ ವಚನಗಳನ್ನೆಲ್ಲ ತಿಂದ ಮೇಕೆಯ ಹಾಲನ್ನು ಖಾಜಾಬಿಯ ಮೊಮ್ಮಗ ಕುಡಿದು ಮಲಗಿದ."

ಅಣ್ಣ ಎರಡು ಸಲ ಓದಿದ. ನನ್ನ ಕೈಯಿಂದ ಚೀಲ ತೆಗೆದುಕೊಂಡು ಚಾವಡಿ ದಾಟಿ ಹೋಗಿ, ಸುಣ್ಣ ಬಳಿದ ಕೋಣೆಯ ಹೊಸ ಚಿಲಕ ತೆಗೆದು ಒಳಗೆ ಇಟ್ಟ. ಮರುದಿನ ಬೆಳಿಗ್ಗೆ ಆ ಬಾಗಿಲನ್ನು ಒಳಗಿನಿಂದ ನಾನೇ ತೆರೆದೆ, ಹಿತ್ತಲಲ್ಲಿ ಮಳೆ ಬರುತ್ತಿತ್ತು, ಹಾಗೆಂದು ಬರೆದೆ.